ಜಟಿಲಗೊಂಡ ಕರುಳಿನ ಕ್ಯಾನ್ಸರ್‌ನಲ್ಲಿ ರಕ್ತನಾಳಜನನ ಮತ್ತು ಅಂಗಾಂಶ ಸೂಚಕಗಳು

ಗೆಡ್ಡೆಯ ರಕ್ತನಾಳಜನನ ಎಂದರೆ ಕ್ಯಾನ್ಸರ್ ಗೆಡ್ಡೆಯು ತನ್ನ ಸುತ್ತಲಿನ ರಕ್ತನಾಳಗಳಿಂದ ಹೊಸ ಕವಲುಗಳು ಚಿಗುರುವಂತೆ ಮಾಡಿ, ಬೆಳವಣಿಗೆಗೆ ಬೇಕಾದ ಆಮ್ಲಜನಕ ಮತ್ತು ಪೋಷಕಾಂಶಗಳನ್ನು ಪಡೆದುಕೊಳ್ಳುವ ಪ್ರಕ್ರಿಯೆ. ವೈದ್ಯಕೀಯ ಪರಿಭಾಷೆಯಲ್ಲಿ ಇದಕ್ಕೆ ಟ್ಯೂಮರ್ ಆಂಜಿಯೋಜೆನೆಸಿಸ್ ಎಂಬ ಹೆಸರಿದೆ. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್‌ನಲ್ಲಿ ಈ ಪ್ರಕ್ರಿಯೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಲಾಗಿದೆ. ಗೆಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದಾಗ ರಕ್ತನಾಳಗಳನ್ನೂ ಜೀವಕೋಶಗಳ ಗುಣಗಳನ್ನೂ ತೋರಿಸಿಕೊಡುವ ಪ್ರೋಟೀನುಗಳು ಮತ್ತು ವಂಶವಾಹಿ ಬದಲಾವಣೆಗಳಿಗೆ ಅಂಗಾಂಶ ಸೂಚಕಗಳು ಎನ್ನುತ್ತಾರೆ.

ಕರುಳು ಮುಚ್ಚಿಹೋಗುವುದು, ತೂತಾಗುವುದು, ರಕ್ತ ಸುರಿಯುವುದು, ಕೀವು ಕಟ್ಟುವುದು ಮೊದಲಾದ ತೊಡಕುಗಳೊಡನೆ ಕಾಣಿಸಿಕೊಳ್ಳುವ ರೋಗವನ್ನು ಜಟಿಲಗೊಂಡ ಕ್ಯಾನ್ಸರ್ ಎಂದು ಕರೆಯಲಾಗುತ್ತದೆ. ಗೆಡ್ಡೆಯು ರಕ್ತನಾಳಗಳನ್ನು ಬೆಳೆಸಲು ಬಳಸುವ ರಾಸಾಯನಿಕ ಸಂಕೇತಗಳನ್ನೇ ಶರೀರವು ಗಾಯ ಮಾಯಿಸಲೂ ಬಳಸುತ್ತದೆ. ಆದುದರಿಂದ ಜಟಿಲಗೊಂಡ ರೋಗದಲ್ಲಿ ಅಂಗಾಂಶ ಸೂಚಕಗಳನ್ನು ಓದುವುದೂ, ರಕ್ತನಾಳಗಳನ್ನು ತಡೆಯುವ ಔಷಧಗಳನ್ನು ಕೊಡುವುದೂ ಹೆಚ್ಚಿನ ಎಚ್ಚರವನ್ನು ಬೇಡುತ್ತವೆ.

ರೋಗದ ಹಿನ್ನೆಲೆ

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ಜಗತ್ತಿನಲ್ಲಿ ಹೆಚ್ಚಾಗಿ ಪತ್ತೆಯಾಗುವ ಕ್ಯಾನ್ಸರ್‌ಗಳಲ್ಲಿ ಮೂರನೆಯ ಸ್ಥಾನದಲ್ಲಿಯೂ, ಸಾವಿಗೆ ಕಾರಣವಾಗುವ ಕ್ಯಾನ್ಸರ್‌ಗಳಲ್ಲಿ ಎರಡನೆಯ ಸ್ಥಾನದಲ್ಲಿಯೂ ಇದೆ. ಜಾಗತಿಕ ಅಂದಾಜಿನಂತೆ 2022ರಲ್ಲಿ ಸುಮಾರು 19 ಲಕ್ಷ ಜನರಲ್ಲಿ ಈ ರೋಗವು ಹೊಸದಾಗಿ ಪತ್ತೆಯಾಯಿತು. ಸುಮಾರು 9 ಲಕ್ಷ ಜನರು ಇದರಿಂದ ಮರಣ ಹೊಂದಿದರು. ಭಾರತದಲ್ಲಿ ಈ ರೋಗದ ಪ್ರಮಾಣವು ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವು ಆರಂಭವಾದಾಗ ಮೊದಲು ಸೇರಿದ ನೋಂದಣಿ ಕೇಂದ್ರಗಳಲ್ಲಿ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯದೂ ಒಂದು.

ಈ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಕರುಳಿನ ಒಳಪದರದಲ್ಲಿ ಹುಟ್ಟುವ ಪಾಲಿಪ್ ಎಂಬ ಸಣ್ಣ ಮಾಂಸದ ಗಂಟಿನಿಂದ ಆರಂಭವಾಗುತ್ತವೆ. ಪಾಲಿಪ್ ಕ್ಯಾನ್ಸರ್ ಆಗಿ ಮಾರ್ಪಡಲು ಸಾಮಾನ್ಯವಾಗಿ ಹಲವು ವರ್ಷಗಳು ಬೇಕು. ಈ ಅವಧಿಯಲ್ಲಿ ಎಪಿಸಿ, ಕೆಆರ್‌ಎಎಸ್, ಪಿ53 ಮೊದಲಾದ ವಂಶವಾಹಿಗಳಲ್ಲಿ ಒಂದರ ಮೇಲೊಂದರಂತೆ ದೋಷಗಳು ಸೇರುತ್ತ ಹೋಗುತ್ತವೆ. ರಕ್ತನಾಳಗಳ ಹೊಸ ಬೆಳವಣಿಗೆಯೂ ಈ ದಾರಿಯಲ್ಲಿಯೇ ಕಾಣಿಸಿಕೊಳ್ಳುವ ಒಂದು ಹಂತ.

ತೊಡಕುಗಳು

ಕರುಳಿನ ಅಡಚಣೆ: ಗೆಡ್ಡೆಯು ಕರುಳಿನ ಕೊಳವೆಯನ್ನು ಮುಚ್ಚಿದಾಗ ಮಲ ಮತ್ತು ವಾಯು ಮುಂದೆ ಸಾಗುವುದಿಲ್ಲ. ಎಡಭಾಗದ ದೊಡ್ಡಕರುಳು ಕಿರಿದಾಗಿದ್ದು, ಅಲ್ಲಿಗೆ ಬರುವ ಹೊತ್ತಿಗೆ ಮಲವು ಗಟ್ಟಿಯಾಗಿರುವುದರಿಂದ ಅಡಚಣೆ ಆ ಭಾಗದಲ್ಲಿ ಸಾಮಾನ್ಯ. ಹೊಟ್ಟೆ ಉಬ್ಬರ, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ಮಲ ಮತ್ತು ವಾಯು ನಿಂತುಹೋಗುವುದು, ಕೊನೆಯಲ್ಲಿ ವಾಂತಿ ಇದರ ಲಕ್ಷಣಗಳು.

ಕರುಳು ತೂತಾಗುವುದು: ಇದು ಎರಡು ಬಗೆಯಲ್ಲಿ ಸಂಭವಿಸುತ್ತದೆ. ಗೆಡ್ಡೆಯು ಕರುಳಿನ ಗೋಡೆಯನ್ನು ಕೊರೆದು ಅಲ್ಲಿಯೇ ತೂತಾಗುವುದು ಒಂದು ಬಗೆ. ಗೆಡ್ಡೆಯ ಹಿಂದೆ ಒತ್ತಡ ಹೆಚ್ಚಿ, ದೂರದ ಭಾಗವು ಬಿರಿಯುವುದು ಇನ್ನೊಂದು ಬಗೆ. ಒಳಗಿನ ಒತ್ತಡ ಸಮನಾಗಿದ್ದರೂ ಕೊಳವೆಯು ಅಗಲವಾದಷ್ಟೂ ಅದರ ಗೋಡೆಯ ಮೇಲಿನ ಎಳೆತ ಹೆಚ್ಚುತ್ತದೆ ಎಂಬುದು ಲಾಪ್ಲಾಸನ ನಿಯಮ. ದೊಡ್ಡಕರುಳಿನ ಆರಂಭದಲ್ಲಿರುವ, ಚೀಲದಂತಹ ಸೀಕಮ್ ಎಲ್ಲಕ್ಕಿಂತ ಅಗಲವಾದ ಭಾಗವಾದ್ದರಿಂದ, ಗೆಡ್ಡೆ ಎಡಭಾಗದಲ್ಲಿದ್ದರೂ ಬಿರಿಯುವ ಅಪಾಯ ಬಲಭಾಗದ ಸೀಕಮ್‌ಗೆ ಹೆಚ್ಚು.

ರಕ್ತಸ್ರಾವ: ಬಲಭಾಗದ ಗೆಡ್ಡೆಗಳು ಕಣ್ಣಿಗೆ ಕಾಣದಂತೆ ದೀರ್ಘಕಾಲ ರಕ್ತ ಒಸರುತ್ತಿರುತ್ತವೆ. ಹೀಗಾಗಿ ರಕ್ತಹೀನತೆ ಮತ್ತು ಸುಸ್ತೇ ಅವುಗಳ ಮೊದಲ ಲಕ್ಷಣವಾಗಬಹುದು. ಗುದನಾಳದ ಗೆಡ್ಡೆಗಳಲ್ಲಿ ಮಲದೊಡನೆ ರಕ್ತ ನೇರವಾಗಿ ಕಾಣಿಸಿಕೊಳ್ಳುತ್ತದೆ. ಇದನ್ನು ಮೂಲವ್ಯಾಧಿ ಎಂದು ತಿಳಿದು ನಿರ್ಲಕ್ಷಿಸುವುದರಿಂದ ರೋಗಪತ್ತೆ ತಡವಾಗುವುದುಂಟು.

ಕೀವುಗಟ್ಟುವಿಕೆ ಮತ್ತು ನಾಳವ್ರಣ: ತೂತಾದ ಜಾಗವನ್ನು ಸುತ್ತಲಿನ ಅಂಗಗಳು ಮುಚ್ಚಿಕೊಂಡಾಗ ಅಲ್ಲಿ ಕೀವಿನ ಬಾವು ಉಂಟಾಗಬಹುದು. ಕರುಳಿಗೂ ಮೂತ್ರಕೋಶದಂತಹ ನೆರೆಯ ಅಂಗಕ್ಕೂ ನಡುವೆ ಅಸಹಜ ದಾರಿಯೊಂದು ತೆರೆದುಕೊಳ್ಳುವುದೂ ಸಾಧ್ಯ.

ಅಡಚಣೆ ಮತ್ತು ತೂತು ಕೇವಲ ತುರ್ತುಸ್ಥಿತಿಗಳಲ್ಲ. ರೋಗದ ಮುನ್ಸೂಚನೆಯನ್ನೂ ಬದಲಿಸುತ್ತವೆ. ಗೆಡ್ಡೆಯ ಮೂಲಕವೇ ಕರುಳು ತೂತಾಗಿದ್ದರೆ ಅಂತರರಾಷ್ಟ್ರೀಯ ಹಂತ ವಿಂಗಡಣೆಯಲ್ಲಿ ಅದನ್ನು ಟಿ4ಎ ಎಂದು ಗುರುತಿಸಲಾಗುತ್ತದೆ. ದುಗ್ಧಗ್ರಂಥಿಗಳಿಗೆ ಹರಡದ ಎರಡನೆಯ ಹಂತದ ರೋಗಿಯಲ್ಲಿಯೂ ಅಡಚಣೆ ಅಥವಾ ತೂತು ಇದ್ದರೆ ಅದನ್ನು ಹೆಚ್ಚು ಅಪಾಯದ ಲಕ್ಷಣವೆಂದು ಪರಿಗಣಿಸಿ, ಶಸ್ತ್ರಚಿಕಿತ್ಸೆಯ ನಂತರ ಕಿಮೋಥೆರಪಿಯ ಬಗ್ಗೆ ಯೋಚಿಸಲಾಗುತ್ತದೆ.

ಪರಿಕಲ್ಪನೆಯ ಇತಿಹಾಸ

ರಕ್ತನಾಳಜನನದ ಆಧುನಿಕ ಅಧ್ಯಯನಕ್ಕೆ ತಳಹದಿ ಹಾಕಿದವರು ಅಮೆರಿಕದ ಶಸ್ತ್ರವೈದ್ಯ ಜುಡಾ ಫೋಕ್‌ಮನ್ (1933–2008). 1960ರ ದಶಕದ ಆರಂಭದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ, ಶರೀರದಿಂದ ಬೇರ್ಪಡಿಸಿ ಜೀವಂತವಾಗಿ ಇರಿಸಿದ ಅಂಗದಲ್ಲಿ ಗೆಡ್ಡೆಗಳು ಅತಿ ಚಿಕ್ಕ ಗಾತ್ರದಲ್ಲಿಯೇ ಬೆಳವಣಿಗೆ ನಿಲ್ಲಿಸುವುದನ್ನು ಅವರು ಗಮನಿಸಿದರು. ಅದೇ ಗೆಡ್ಡೆಗಳನ್ನು ಜೀವಂತ ಇಲಿಗಳಿಗೆ ಸೇರಿಸಿದಾಗ ರಕ್ತನಾಳಗಳು ಬೆಳೆದು ಗೆಡ್ಡೆಗಳೂ ದೊಡ್ಡದಾದವು. ಹೊಸ ರಕ್ತನಾಳಗಳಿಲ್ಲದೆ ಗೆಡ್ಡೆಯು 1ರಿಂದ 2 ಮಿಲಿಮೀಟರ್‌ಗಿಂತ ಹೆಚ್ಚು ಬೆಳೆಯಲಾರದು, ಆದುದರಿಂದ ರಕ್ತನಾಳಗಳನ್ನು ತಡೆದರೆ ಗೆಡ್ಡೆಯನ್ನೂ ತಡೆಯಬಹುದು ಎಂಬ ವಾದವನ್ನು ಅವರು 1971ರಲ್ಲಿ ಮಂಡಿಸಿದರು. ಆರಂಭದಲ್ಲಿ ಇದಕ್ಕೆ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

1983ರಲ್ಲಿ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಸಂಗಡಿಗರು ರಕ್ತನಾಳಗಳಿಂದ ದ್ರವ ಒಸರುವಂತೆ ಮಾಡುವ, ಗೆಡ್ಡೆಗಳು ಸ್ರವಿಸುವ ಪ್ರೋಟೀನೊಂದನ್ನು ವರದಿ ಮಾಡಿದರು. 1989ರಲ್ಲಿ ನೆಪೋಲಿಯೋನ್ ಫೆರಾರಾ ಅವರು ರಕ್ತನಾಳದ ಒಳಪದರದ ಜೀವಕೋಶಗಳನ್ನು ವೃದ್ಧಿಸುವ ಪ್ರೋಟೀನನ್ನು ಪ್ರತ್ಯೇಕಿಸಿ, ಅದಕ್ಕೆ ವಿಇಜಿಎಫ್ ಎಂದು ಹೆಸರಿಟ್ಟರು. ಇವೆರಡೂ ಒಂದೇ ಪ್ರೋಟೀನ್ ಎಂಬುದು ಬಳಿಕ ತಿಳಿದುಬಂದಿತು. ಗೆಡ್ಡೆಯನ್ನು ಮಾಯದೆ ಉಳಿದ ಗಾಯಕ್ಕೆ ಹೋಲಿಸಿದವರು ಡ್ವೊರಾಕ್. ಈ ಹೋಲಿಕೆಯು ಜಟಿಲಗೊಂಡ ಕರುಳಿನ ಕ್ಯಾನ್ಸರ್‌ನ ವಿಷಯದಲ್ಲಿ ವಿಶೇಷವಾಗಿ ಅರ್ಥಪೂರ್ಣ.

ಕಾರ್ಯವಿಧಾನ

ಆಮ್ಲಜನಕವು ರಕ್ತನಾಳದಿಂದ ಹೊರಟು ಅಂಗಾಂಶದೊಳಗೆ ಸುಮಾರು 100ರಿಂದ 200 ಮೈಕ್ರೋಮೀಟರ್ ದೂರದವರೆಗೆ ಮಾತ್ರ ತಲುಪಬಲ್ಲದು. ಅದರಾಚೆಗಿನ ಜೀವಕೋಶಗಳು ಉಸಿರುಗಟ್ಟಿದ ಸ್ಥಿತಿಗೆ ಬರುತ್ತವೆ. ಸಾಕಷ್ಟು ಆಮ್ಲಜನಕವಿರುವಾಗ ಎಚ್‌ಐಎಫ್ ಎಂಬ ಪ್ರೋಟೀನ್ ಜೀವಕೋಶದಲ್ಲಿ ಹುಟ್ಟಿದ ಕೂಡಲೇ ನಾಶವಾಗುತ್ತಿರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅದು ಉಳಿದುಕೊಂಡು, ವಿಇಜಿಎಫ್ ಸೇರಿದಂತೆ ಅನೇಕ ವಂಶವಾಹಿಗಳನ್ನು ಚಾಲನೆಗೊಳಿಸುತ್ತದೆ. ಜೀವಕೋಶಗಳು ಆಮ್ಲಜನಕದ ಮಟ್ಟವನ್ನು ಅರಿಯುವ ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ್ದಕ್ಕಾಗಿ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್ ಮತ್ತು ಗ್ರೆಗ್ ಸೆಮೆಂಝಾ ಅವರಿಗೆ 2019ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಹೊರಬಂದ ವಿಇಜಿಎಫ್ ನೆರೆಯ ರಕ್ತನಾಳದ ಒಳಪದರದ ಜೀವಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಂಟಿಕೊಳ್ಳುತ್ತದೆ. ಇವುಗಳಲ್ಲಿ ವಿಇಜಿಎಫ್ ಗ್ರಾಹಕ-2 ಮುಖ್ಯವಾದುದು. ಆಗ ಆ ಜೀವಕೋಶಗಳು ತಮ್ಮ ತಳದ ಪೊರೆಯನ್ನು ಕರಗಿಸಿ, ಸಂಕೇತ ಬಂದ ದಿಕ್ಕಿಗೆ ಸಾಗಿ, ವಿಭಜನೆಗೊಂಡು, ಟೊಳ್ಳು ಕೊಳವೆಗಳಾಗಿ ಜೋಡಣೆಗೊಳ್ಳುತ್ತವೆ. ಆಂಜಿಯೋಪೊಯೆಟಿನ್‌ಗಳು, ಪಿಡಿಜಿಎಫ್ ಮುಂತಾದ ಬೇರೆ ಪ್ರೋಟೀನುಗಳೂ ಇದರಲ್ಲಿ ಪಾಲ್ಗೊಳ್ಳುತ್ತವೆ. ಥ್ರಾಂಬೋಸ್ಪಾಂಡಿನ್-1ರಂತಹ ಪ್ರೋಟೀನುಗಳು ಈ ಬೆಳವಣಿಗೆಯನ್ನು ತಡೆಯುತ್ತವೆ. ಉತ್ತೇಜಕಗಳ ಕೈ ಮೇಲಾದಾಗ ನಾಳಗಳ ಬೆಳವಣಿಗೆ ಆರಂಭವಾಗುತ್ತದೆ.

ಹೀಗೆ ಹುಟ್ಟಿದ ನಾಳಗಳು ಸಹಜವಾದವುಗಳಂತೆ ಅಚ್ಚುಕಟ್ಟಾಗಿರುವುದಿಲ್ಲ. ಅವು ಅಂಕುಡೊಂಕಾಗಿದ್ದು, ಕೆಲವೆಡೆ ಹಿಗ್ಗಿ, ಕೆಲವೆಡೆ ಕುಗ್ಗಿರುತ್ತವೆ. ಗೋಡೆಗಳಿಂದ ದ್ರವ ಸೋರುತ್ತಿರುತ್ತದೆ. ಆದ್ದರಿಂದ ನಾಳಗಳು ಹೆಚ್ಚಾಗಿದ್ದರೂ ಗೆಡ್ಡೆಯ ಒಳಭಾಗದಲ್ಲಿ ಆಮ್ಲಜನಕದ ಕೊರತೆ ಉಳಿದೇ ಇರಬಹುದು. ಅಲ್ಲಿಗೆ ಔಷಧವೂ ಸರಿಯಾಗಿ ತಲುಪದೆ ಹೋಗಬಹುದು. ವಿಇಜಿಎಫ್ ತಡೆಯುವ ಔಷಧಗಳು ಉಳಿದ ನಾಳಗಳನ್ನು ಸ್ವಲ್ಪಕಾಲ ಸರಿಪಡಿಸಿ, ಕಿಮೋಥೆರಪಿಯು ಒಳಗೆ ತಲುಪಲು ನೆರವಾಗುತ್ತವೆ ಎಂಬ ವಿಚಾರವನ್ನು ಮುಂದಿಟ್ಟವರು ಭಾರತ ಮೂಲದ ವಿಜ್ಞಾನಿ, ಕಾನ್ಪುರ ಐಐಟಿಯ ಹಳೆಯ ವಿದ್ಯಾರ್ಥಿ ರಾಕೇಶ್ ಜೈನ್.

ಎಲ್ಲ ಗೆಡ್ಡೆಗಳೂ ಹೊಸ ನಾಳಗಳನ್ನೇ ಅವಲಂಬಿಸುವುದಿಲ್ಲ. ಪಿತ್ತಜನಕಾಂಗಕ್ಕೆ ಹರಡಿದ ಕೆಲವು ಕರುಳಿನ ಕ್ಯಾನ್ಸರ್‌ಗಳು ಅಲ್ಲಿ ಮೊದಲೇ ಇರುವ ರಕ್ತನಾಳಗಳನ್ನು ತಮ್ಮದಾಗಿಸಿಕೊಂಡು ಬೆಳೆಯುತ್ತವೆ. ಇಂತಹ ಗೆಡ್ಡೆಗಳು ವಿಇಜಿಎಫ್ ತಡೆಯುವ ಔಷಧಕ್ಕೆ ಕಡಿಮೆ ಸ್ಪಂದಿಸುವುದನ್ನು 2016ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.

ಅಂಗಾಂಶ ಸೂಚಕಗಳು

ಶಸ್ತ್ರಚಿಕಿತ್ಸೆ ಅಥವಾ ಬಯಾಪ್ಸಿಯಲ್ಲಿ ತೆಗೆದ ಅಂಗಾಂಶವನ್ನು ಫಾರ್ಮಲಿನ್‌ನಲ್ಲಿ ಸಂರಕ್ಷಿಸಿ, ಮೇಣದಲ್ಲಿ ಹುದುಗಿಸಿ, ಕೆಲವೇ ಮೈಕ್ರೋಮೀಟರ್ ದಪ್ಪದ ಪದರಗಳಾಗಿ ಕೊಯ್ಯಲಾಗುತ್ತದೆ. ನಿರ್ದಿಷ್ಟ ಪ್ರೋಟೀನಿಗೆ ಮಾತ್ರ ಅಂಟುವ ಪ್ರತಿಕಾಯವನ್ನು ಇದರ ಮೇಲೆ ಹಾಕಿ, ಆ ಪ್ರತಿಕಾಯಕ್ಕೆ ಬಣ್ಣ ಬರುವಂತೆ ಮಾಡಿದರೆ ಪ್ರೋಟೀನ್ ಎಲ್ಲಿದೆ ಎಂಬುದು ಕಾಣುತ್ತದೆ. ಈ ವಿಧಾನಕ್ಕೆ ಇಮ್ಯುನೋಹಿಸ್ಟೋಕೆಮಿಸ್ಟ್ರಿ ಎಂದು ಹೆಸರು. ರಕ್ತದಲ್ಲಿ ಅಳೆಯುವ ಸಿಇಎಯಂತಹ ಸೂಚಕಗಳು ಇದರಿಂದ ಭಿನ್ನ.

ರಕ್ತನಾಳಗಳ ಸೂಚಕಗಳು: ಸಿಡಿ31, ಸಿಡಿ34 ಮತ್ತು ಫ್ಯಾಕ್ಟರ್ 8 ಸಂಬಂಧಿತ ಪ್ರೋಟೀನ್ ರಕ್ತನಾಳಗಳ ಒಳಪದರವನ್ನು ಗುರುತಿಸುತ್ತವೆ. ಇವು ಹಳೆಯ ಮತ್ತು ಹೊಸ ನಾಳಗಳೆರಡರಲ್ಲಿಯೂ ಕಾಣುತ್ತವೆ. ಎಂಡೋಗ್ಲಿನ್ ಎಂದೂ ಹೆಸರಿರುವ ಸಿಡಿ105 ಮುಖ್ಯವಾಗಿ ಬೆಳೆಯುತ್ತಿರುವ ನಾಳಗಳಲ್ಲಿ ಕಾಣುವುದರಿಂದ ಹೊಸ ನಾಳಗಳ ಅಧ್ಯಯನಕ್ಕೆ ಹೆಚ್ಚು ಸೂಕ್ತ. ಡಿ2-40 ಎಂಬ ಪ್ರತಿಕಾಯವು ದುಗ್ಧನಾಳಗಳನ್ನು ತೋರಿಸುತ್ತದೆ.

ಸೂಕ್ಷ್ಮನಾಳ ಸಾಂದ್ರತೆ: ನಾಳಗಳು ದಟ್ಟವಾಗಿರುವ ಜಾಗಗಳನ್ನು ಮೊದಲು ಕಡಿಮೆ ವರ್ಧನೆಯಲ್ಲಿ ಹುಡುಕಿ, ಬಳಿಕ ಹೆಚ್ಚು ವರ್ಧನೆಯಲ್ಲಿ ಅವುಗಳನ್ನು ಎಣಿಸುವ ವಿಧಾನವಿದು. 1991ರಲ್ಲಿ ನೋಯೆಲ್ ವೈಡ್ನರ್, ಫೋಕ್‌ಮನ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರ್‌ನಲ್ಲಿ ಇದನ್ನು ಬಳಸಿ, ನಾಳಗಳು ದಟ್ಟವಾದಷ್ಟೂ ರೋಗ ಹರಡಿರುವ ಸಾಧ್ಯತೆ ಹೆಚ್ಚು ಎಂದು ತೋರಿಸಿದರು. ಬಳಿಕ ಇದೇ ವಿಧಾನವನ್ನು ಕರುಳಿನ ಕ್ಯಾನ್ಸರ್‌ಗೂ ಅನ್ವಯಿಸಲಾಯಿತು.

ಬೆಳವಣಿಗೆಯ ಸೂಚಕಗಳು: ವಿಇಜಿಎಫ್ ಬಣ್ಣದ ತೀವ್ರತೆ, ವಿಭಜನೆಗೊಳ್ಳುತ್ತಿರುವ ಜೀವಕೋಶಗಳನ್ನು ತೋರಿಸುವ ಕೆಐ-67, ದೋಷಪೂರಿತ ಪಿ53 ಇವನ್ನು ಸಂಶೋಧನೆಗಳಲ್ಲಿ ಬಳಸುತ್ತಾರೆ.

ಚಿಕಿತ್ಸೆಯನ್ನು ನಿರ್ಧರಿಸುವ ಸೂಚಕಗಳು: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಪಿಎಂಎಸ್2 ಎಂಬ ನಾಲ್ಕು ಪ್ರೋಟೀನುಗಳು ಡಿಎನ್‌ಎಯನ್ನು ನಕಲು ಮಾಡುವಾಗ ಉಂಟಾಗುವ ತಪ್ಪುಗಳನ್ನು ತಿದ್ದುತ್ತವೆ. ಇವುಗಳಲ್ಲಿ ಯಾವುದಾದರೂ ಕಾಣದಿದ್ದರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯ ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ. ರೋಗ ಹರಡಿದ್ದರೆ ಪೆಂಬ್ರೊಲಿಝುಮ್ಯಾಬ್‌ನಂತಹ ರೋಗನಿರೋಧಕ ಚಿಕಿತ್ಸೆಯು ಫಲಕಾರಿಯಾಗಬಹುದು. ಕೆಆರ್‌ಎಎಸ್ ಅಥವಾ ಎನ್‌ಆರ್‌ಎಎಸ್ ವಂಶವಾಹಿಗಳಲ್ಲಿ ದೋಷವಿದ್ದರೆ ಸಿಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಔಷಧಗಳು ಸಾಮಾನ್ಯವಾಗಿ ಪ್ರಯೋಜನಕ್ಕೆ ಬರುವುದಿಲ್ಲ. ಬಿಆರ್‌ಎಎಫ್ ವಂಶವಾಹಿಯ ವಿ600ಇ ಎಂಬ ಬದಲಾವಣೆಯು ಹರಡಿದ ರೋಗದಲ್ಲಿ ಕೆಟ್ಟ ಮುನ್ಸೂಚನೆ.

ಜಟಿಲಗೊಂಡ ರೋಗದಲ್ಲಿ ಸೂಚಕಗಳ ಅರ್ಥ

ಪ್ರಕಟವಾದ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ನಡೆಸಿದ ವಿಶ್ಲೇಷಣೆಯೊಂದು, ನಾಳ ಸಾಂದ್ರತೆ ಮತ್ತು ವಿಇಜಿಎಫ್ ಪ್ರಮಾಣ ಹೆಚ್ಚಾಗಿರುವ ಕರುಳಿನ ಕ್ಯಾನ್ಸರ್ ರೋಗಿಗಳ ಮುನ್ಸೂಚನೆ ಒಟ್ಟಾರೆಯಾಗಿ ಕೆಟ್ಟದಾಗಿರುತ್ತದೆ ಎಂದು ಕಂಡುಕೊಂಡಿತು. ಆದರೆ ಗುಂಪಿಗೆ ಅನ್ವಯಿಸುವ ಈ ಮಾತನ್ನು ಒಬ್ಬ ರೋಗಿಗೆ, ಅದರಲ್ಲಿಯೂ ತುರ್ತುಸ್ಥಿತಿಯಲ್ಲಿ ಬಂದ ರೋಗಿಗೆ, ನೇರವಾಗಿ ಅನ್ವಯಿಸಲು ಹಲವು ತೊಂದರೆಗಳಿವೆ.

ಮೊದಲನೆಯದು ಉರಿಯೂತ. ಕರುಳು ತೂತಾಗಿ ಕೀವುಗಟ್ಟಿದ ಜಾಗದಲ್ಲಿ ಶರೀರವು ಗಾಯವನ್ನು ಮಾಯಿಸಲು ಹೊಸ ಅಂಗಾಂಶವನ್ನು ಬೆಳೆಸುತ್ತದೆ. ಮಾಯುತ್ತಿರುವ ಹುಣ್ಣಿನ ತಳದಲ್ಲಿ ಕಾಣುವ ಕೆಂಪು ಬಣ್ಣಕ್ಕೆ ಕಾರಣ ಈ ಹೊಸ ಅಂಗಾಂಶದ ದಟ್ಟ ಲೋಮನಾಳಗಳೇ. ಇವು ಸಿಡಿ31 ಮತ್ತು ಸಿಡಿ34 ಬಣ್ಣವನ್ನು ಮಾತ್ರವಲ್ಲ, ಹೊಸ ನಾಳಗಳಾದ್ದರಿಂದ ಸಿಡಿ105 ಬಣ್ಣವನ್ನೂ ಪಡೆಯುತ್ತವೆ. ಎಣಿಕೆಯಲ್ಲಿ ಹೆಚ್ಚಾಗಿ ಕಂಡ ನಾಳಗಳು ಗೆಡ್ಡೆಯವೋ ಗಾಯದವೋ ಎಂಬುದನ್ನು ಬಣ್ಣವೊಂದೇ ಹೇಳಲಾರದು.

ಎರಡನೆಯದು ರಕ್ತಪೂರೈಕೆಯ ಕೊರತೆ. ಅಡಚಣೆಯಿಂದ ಉಬ್ಬಿದ ಕರುಳಿನ ಗೋಡೆಯಲ್ಲಿ ರಕ್ತಸಂಚಾರ ಕುಗ್ಗುತ್ತದೆ. ಆಮ್ಲಜನಕ ಕಡಿಮೆಯಾದಲ್ಲಿ ಎಚ್‌ಐಎಫ್ ಮತ್ತು ವಿಇಜಿಎಫ್ ಏರುವುದು ಆರೋಗ್ಯವಂತ ಜೀವಕೋಶಗಳಲ್ಲಿಯೂ ಸಹಜ. ಜೊತೆಗೆ ಕೊಳೆತ ಭಾಗಗಳಲ್ಲಿ ಬಣ್ಣವು ತಪ್ಪಾಗಿ ಹಿಡಿಯುವುದೂ ಉಂಟು.

ಮೂರನೆಯದು ಹಂತದ ಪ್ರಭಾವ. ತೊಡಕುಗಳೊಡನೆ ಬರುವ ಗೆಡ್ಡೆಗಳು ಬಹುಮಟ್ಟಿಗೆ ಮುಂದುವರಿದ ಹಂತದವು. ಇವುಗಳಲ್ಲಿ ನಾಳಗಳು ಹೆಚ್ಚಾಗಿ ಕಂಡರೆ, ಅದು ತೊಡಕಿನ ಕಾರಣವೋ, ಫಲವೋ, ಅಥವಾ ಎರಡೂ ಮುಂದುವರಿದ ಹಂತದ ಲಕ್ಷಣಗಳೋ ಎಂದು ಬೇರ್ಪಡಿಸುವುದು ಕಷ್ಟ. ಅಲ್ಲದೆ ತುರ್ತು ಶಸ್ತ್ರಚಿಕಿತ್ಸೆಗೆ ಒಳಗಾದವರ ಸಾವಿಗೆ ಸೋಂಕು, ನಿರ್ಜಲೀಕರಣ, ಹೃದಯ ಅಥವಾ ಮೂತ್ರಪಿಂಡದ ವೈಫಲ್ಯವೂ ಕಾರಣವಾಗಿರಬಹುದು. ಅದನ್ನು ಗೆಡ್ಡೆಯ ನಾಳಗಳ ಲೆಕ್ಕಕ್ಕೆ ಹಾಕುವಂತಿಲ್ಲ.

ನಾಲ್ಕನೆಯದು ಎಣಿಕೆಯ ವ್ಯತ್ಯಾಸ. ಯಾವ ಪ್ರತಿಕಾಯ, ಎಷ್ಟು ವರ್ಧನೆ, ಎಷ್ಟು ಜಾಗಗಳು, ಯಾವ ಸಂಖ್ಯೆಯಿಂದ ಮೇಲಿದ್ದರೆ ಹೆಚ್ಚು ಎಂಬುದು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಬದಲಾಗುತ್ತದೆ.

ಈ ಕಾರಣಗಳಿಂದ ನಾಳ ಸಾಂದ್ರತೆ ಮತ್ತು ವಿಇಜಿಎಫ್ ಬಣ್ಣಗಳು ಸಂಶೋಧನೆಯಲ್ಲಿ ಉಳಿದುಕೊಂಡಿವೆಯೇ ಹೊರತು ದೈನಂದಿನ ವರದಿಯ ಭಾಗವಾಗಿಲ್ಲ. ಇವಕ್ಕೆ ಬದಲಾಗಿ, ಕ್ಯಾನ್ಸರ್ ಜೀವಕೋಶಗಳು ರಕ್ತನಾಳ ಅಥವಾ ದುಗ್ಧನಾಳದ ಒಳಗೆ ಹೊಕ್ಕಿವೆಯೇ ಎಂಬುದು ವರದಿಯಲ್ಲಿ ಇರಲೇಬೇಕಾದ ಅಂಶ. ಎಷ್ಟು ನಾಳಗಳಿವೆ ಎಂಬುದಕ್ಕಿಂತ ಗೆಡ್ಡೆಯು ಅವುಗಳೊಳಗೆ ಪ್ರವೇಶಿಸಿದೆಯೇ ಎಂಬುದು ರೋಗಿಯ ಮುಂದಿನ ದಾರಿಯನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಸಿಡಿ31 ಮತ್ತು ಡಿ2-40 ಈ ಪ್ರವೇಶವನ್ನು ಖಚಿತಪಡಿಸಿಕೊಳ್ಳಲು ನೆರವಾಗುತ್ತವೆ. ತುರ್ತು ಶಸ್ತ್ರಚಿಕಿತ್ಸೆಯಾದರೂ ಕನಿಷ್ಠ 12 ದುಗ್ಧಗ್ರಂಥಿಗಳನ್ನು ಪರೀಕ್ಷಿಸಬೇಕೆಂಬುದು ಅಂಗೀಕೃತ ಮಾನದಂಡ.

ರಕ್ತನಾಳಜನನವನ್ನು ತಡೆಯುವ ಚಿಕಿತ್ಸೆ

ಬೆವಾಸಿಝುಮ್ಯಾಬ್ ಎಂಬುದು ವಿಇಜಿಎಫ್‌ಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವ ಪ್ರತಿಕಾಯ. ಹರಡಿದ ಕರುಳಿನ ಕ್ಯಾನ್ಸರ್‌ಗೆ ಕಿಮೋಥೆರಪಿಯೊಡನೆ ಇದನ್ನು ಬಳಸಲು 2004ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ಇದಕ್ಕೆ ಆಧಾರವಾದ ಪ್ರಯೋಗದಲ್ಲಿ ಕಿಮೋಥೆರಪಿ ಮಾತ್ರ ಪಡೆದವರ ಮಧ್ಯಮ ಬದುಕುಳಿಯುವ ಅವಧಿ 15.6 ತಿಂಗಳಾಗಿದ್ದರೆ, ಬೆವಾಸಿಝುಮ್ಯಾಬ್ ಸೇರಿಸಿದವರದು 20.3 ತಿಂಗಳಾಗಿತ್ತು. ಅದೇ ಪ್ರಯೋಗದ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು, ವಿಇಜಿಎಫ್ ಬಣ್ಣವಾಗಲಿ ನಾಳ ಸಾಂದ್ರತೆಯಾಗಲಿ ಯಾರಿಗೆ ಔಷಧ ಫಲಿಸುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಸಲಿಲ್ಲ ಎಂದು ಕಂಡುಕೊಂಡಿತು.

ಆಫ್ಲಿಬರ್ಸೆಪ್ಟ್, ರಾಮುಸಿರುಮ್ಯಾಬ್, ರೆಗೊರಾಫೆನಿಬ್ ಮತ್ತು ಫ್ರುಕ್ವಿಂಟಿನಿಬ್ ಇದೇ ಮಾರ್ಗವನ್ನು ತಡೆಯುವ ಬೇರೆ ಔಷಧಗಳು. ಶಸ್ತ್ರಚಿಕಿತ್ಸೆಯಿಂದ ಗೆಡ್ಡೆಯನ್ನು ಪೂರ್ಣವಾಗಿ ತೆಗೆದ ನಂತರ, ರೋಗ ಮರಳದಿರಲೆಂದು ಬೆವಾಸಿಝುಮ್ಯಾಬ್ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಪ್ರಯೋಜನ ಕಾಣಲಿಲ್ಲ. ಹೀಗಾಗಿ ಇದರ ಬಳಕೆ ಮುಖ್ಯವಾಗಿ ಹರಡಿದ ರೋಗಕ್ಕೆ ಸೀಮಿತವಾಗಿದೆ.

ತೊಡಕುಗಳಿರುವಾಗ ಚಿಕಿತ್ಸೆಯ ಅಪಾಯ

ವಿಇಜಿಎಫ್ ತಡೆದಾಗ ಗೆಡ್ಡೆಯ ಜೊತೆಗೆ ಗಾಯದ ದುರಸ್ತಿಗೂ ಪೆಟ್ಟು ಬೀಳುತ್ತದೆ. ರಕ್ತದ ಒತ್ತಡ ಏರುವುದು, ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯುವುದು ತಡವಾಗುವುದು ಮತ್ತು ಕರುಳು ತೂತಾಗುವುದು ಬೆವಾಸಿಝುಮ್ಯಾಬ್‌ನ ತಿಳಿದಿರುವ ಅಡ್ಡಪರಿಣಾಮಗಳು. ಮೇಲೆ ಹೇಳಿದ ಪ್ರಯೋಗದಲ್ಲಿ ಈ ಔಷಧ ಪಡೆದವರಲ್ಲಿ ಶೇಕಡಾ 1.5ರಷ್ಟು ಮಂದಿಗೆ ಜಠರ ಅಥವಾ ಕರುಳು ತೂತಾಯಿತು. ಪ್ರಮಾಣವು ಚಿಕ್ಕದಾದರೂ ಪರಿಣಾಮವು ಪ್ರಾಣಾಂತಿಕವಾಗಬಲ್ಲದು.

ಈ ಔಷಧದ ಅರ್ಧಾಯುಷ್ಯ ಸುಮಾರು 20 ದಿನಗಳು. ಎಂದರೆ ಕೊಡುವುದನ್ನು ನಿಲ್ಲಿಸಿದರೂ ಅದರ ಪ್ರಭಾವ ಅನೇಕ ವಾರಗಳವರೆಗೆ ಶರೀರದಲ್ಲಿ ಉಳಿಯುತ್ತದೆ. ಆದ್ದರಿಂದ ದೊಡ್ಡ ಶಸ್ತ್ರಚಿಕಿತ್ಸೆಯಾದ ನಂತರ ಕನಿಷ್ಠ 28 ದಿನ ಕಳೆದು, ಗಾಯವು ಪೂರ್ಣ ಮಾಯುವವರೆಗೆ ಇದನ್ನು ಕೊಡುವುದಿಲ್ಲ. ಯೋಜಿತ ಶಸ್ತ್ರಚಿಕಿತ್ಸೆಗೆ ಮುನ್ನ ಕನಿಷ್ಠ 28 ದಿನ ನಿಲ್ಲಿಸಲಾಗುತ್ತದೆ. ಔಷಧ ಪಡೆಯುತ್ತಿರುವಾಗಲೇ ಕರುಳು ತೂತಾಗಿ ತುರ್ತು ಶಸ್ತ್ರಚಿಕಿತ್ಸೆ ಬೇಕಾದವರಿಗೆ ಈ ಕಾಯುವ ಅವಕಾಶ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಕರುಳಿನ ಎರಡು ತುದಿಗಳನ್ನು ಕೂಡಲೇ ಹೊಲಿದು ಸೇರಿಸುವ ಬದಲು, ಒಂದು ತುದಿಯನ್ನು ಹೊಟ್ಟೆಯ ಗೋಡೆಯ ಮೂಲಕ ಹೊರತರುವ ಸ್ಟೋಮಾ ವಿಧಾನವನ್ನು ಶಸ್ತ್ರವೈದ್ಯರು ಆಯ್ದುಕೊಳ್ಳಬಹುದು.

ಅಡಚಣೆಯನ್ನು ತಾತ್ಕಾಲಿಕವಾಗಿ ನಿವಾರಿಸಲು ಎಂಡೋಸ್ಕೋಪಿಯ ಮೂಲಕ ಲೋಹದ ಜಾಲರಿಯ ಸ್ಟೆಂಟ್ ಇಡುವ ಕ್ರಮವಿದೆ. ಸ್ಟೆಂಟ್ ಕರುಳಿನ ಗೋಡೆಯನ್ನು ಸದಾ ಹೊರಕ್ಕೆ ಒತ್ತುತ್ತಿರುತ್ತದೆ. ಬೆವಾಸಿಝುಮ್ಯಾಬ್ ಪಡೆಯುತ್ತಿರುವವರಲ್ಲಿ ಸ್ಟೆಂಟ್ ಇಟ್ಟಾಗ ತೂತಾಗುವ ಅಪಾಯ ಹೆಚ್ಚುವುದರಿಂದ, ಅಂತಹವರಿಗೆ ಸ್ಟೆಂಟ್ ಸೂಕ್ತವಲ್ಲವೆಂದು ಯುರೋಪಿನ ಎಂಡೋಸ್ಕೋಪಿ ಮಾರ್ಗಸೂಚಿ ಹೇಳುತ್ತದೆ. ಆದುದರಿಂದ ಅಡಚಣೆಯೊಡನೆ ಬಂದ ಹರಡಿದ ರೋಗದಲ್ಲಿ, ಸ್ಟೆಂಟ್ ಇಡುವ ಮೊದಲೇ ಮುಂದೆ ಯಾವ ಔಷಧ ಕೊಡಬೇಕೆಂಬುದನ್ನು ಶಸ್ತ್ರವೈದ್ಯರು, ಎಂಡೋಸ್ಕೋಪಿ ತಜ್ಞರು ಮತ್ತು ಕ್ಯಾನ್ಸರ್ ತಜ್ಞರು ಕೂಡಿ ಯೋಚಿಸಬೇಕಾಗುತ್ತದೆ.

ಪ್ರಸ್ತುತ ಸ್ಥಿತಿ

ಯಾವ ರೋಗಿಗೆ ವಿಇಜಿಎಫ್ ತಡೆಯುವ ಔಷಧ ಫಲಿಸುತ್ತದೆ ಎಂಬುದನ್ನು ಮೊದಲೇ ಖಚಿತವಾಗಿ ಹೇಳುವ ಅಂಗಾಂಶ ಸೂಚಕವು ಇನ್ನೂ ಚಿಕಿತ್ಸಾ ಬಳಕೆಗೆ ಬಂದಿಲ್ಲ. ಡಿಎನ್‌ಎ ತಪ್ಪು ತಿದ್ದುವ ಪ್ರೋಟೀನುಗಳು, ಆರ್‌ಎಎಸ್ ಮತ್ತು ಬಿಆರ್‌ಎಎಫ್ ವಂಶವಾಹಿಗಳ ಪರೀಕ್ಷೆಗಳು ದೈನಂದಿನ ಚಿಕಿತ್ಸೆಯ ಆಯ್ಕೆಯನ್ನು ಬದಲಿಸುತ್ತಿವೆ. ಇವು ವಂಶವಾಹಿಯ ಗುಣಗಳನ್ನು ಆಧರಿಸಿರುವುದರಿಂದ ಕರುಳಿನ ಉರಿಯೂತ ಅಥವಾ ಅಡಚಣೆಯಿಂದ ಅವುಗಳ ಫಲಿತಾಂಶ ಬದಲಾಗುವುದಿಲ್ಲ. ತುರ್ತುಸ್ಥಿತಿಯಲ್ಲಿ ತೆಗೆದ ಅಂಗಾಂಶದಲ್ಲಿಯೂ, ಅದನ್ನು ಸರಿಯಾಗಿ ಸಂರಕ್ಷಿಸಿದ್ದರೆ, ಇವನ್ನು ನಡೆಸಬಹುದು.

ತೊಡಕುಗಳನ್ನು ತಪ್ಪಿಸುವ ಉತ್ತಮ ದಾರಿ ಅವು ಉಂಟಾಗುವ ಮೊದಲೇ ರೋಗವನ್ನು ಪತ್ತೆಹಚ್ಚುವುದು. ಮಲದಲ್ಲಿನ ಅಗೋಚರ ರಕ್ತದ ಪರೀಕ್ಷೆ ಮತ್ತು ಕೊಲೊನೊಸ್ಕೋಪಿ ಇದಕ್ಕೆ ಬಳಕೆಯಲ್ಲಿವೆ. ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಅದು ಕ್ಯಾನ್ಸರ್ ಆಗುವ ಮೊದಲೇ ತೆಗೆದುಹಾಕಬಹುದು. ಮಲದಲ್ಲಿ ರಕ್ತ, ಮಲವಿಸರ್ಜನೆಯ ಅಭ್ಯಾಸದಲ್ಲಿ ವಾರಗಟ್ಟಲೆ ಉಳಿಯುವ ಬದಲಾವಣೆ, ಕಾರಣವಿಲ್ಲದ ರಕ್ತಹೀನತೆ ಅಥವಾ ತೂಕ ಇಳಿಕೆ ಕಂಡುಬಂದಲ್ಲಿ ವೈದ್ಯರ ತಪಾಸಣೆ ಅಗತ್ಯ.